ಮಾಟುಂಗಕ್ಕೆ ಬರುವವರೇ, ಕುಚ್ಚಲಕ್ಕಿ ಊರಲ್ಲೇ ಇರಲಿ



ಮುಂಬೈನ ಮಾಟುಂಗದಲ್ಲಿರುವ ನಮ್ಮ ಮನೆಯ ಒಂದು ಕೋಣೆಯನ್ನು ಊರಿಂದ ಬಂದವರಿಗೆ ನಾಲ್ಕು ದಿನಕ್ಕೆ ಬಿಟ್ಟುಕೊಡುತ್ತೇನೆ. ರಾತ್ರಿಗೆ ಹಾಸಿಗೆ, ಬೆಳಿಗ್ಗೆ ತಿಂಡಿ, ಕಾಫಿ. ಮದುವೆಗೆ ಬರುವವರಿದ್ದಾರೆ, ಮಕ್ಕಳನ್ನು ಕಾಲೇಜಿಗೆ ಸೇರಿಸಲು ಬರುವವರಿದ್ದಾರೆ, ಪರೇಲಿನ ಆಸ್ಪತ್ರೆಗೆಂದು ಬರುವವರಿದ್ದಾರೆ. ಯಾರು ಬಂದರೂ ನನಗೆ ಸಂತೋಷವೇ. ನನ್ನದೊಂದೇ ಕೋರಿಕೆ: ದಯವಿಟ್ಟು ಸಾಮಾನು ಕಡಿಮೆ ತನ್ನಿ. ತಲೆಗೊಂದು ಬ್ಯಾಗು, ಅದೂ ನೀವೇ ಹೆಗಲಿಗೇರಿಸಿಕೊಂಡು ಮೆಟ್ಟಿಲು ಹತ್ತುವಷ್ಟು ಮಾತ್ರ.

ಮೆಟ್ಟಿಲು ಎಂದೆ, ಏಕೆಂದರೆ ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಮಾಟುಂಗದ ಎಷ್ಟೋ ಹಳೆಯ ಕಟ್ಟಡಗಳಿಗಿಲ್ಲ. ಅದಕ್ಕೊಂದು ಕಾರಣವಿದೆ. 1896ರಲ್ಲಿ ಮುಂಬೈಗೆ ಪ್ಲೇಗು ಬಂದು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸಾಲುಸಾಲಾಗಿ ಸತ್ತರು. ಆಮೇಲೆ 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್-ಮಾಟುಂಗದ ಬಡಾವಣೆಯನ್ನು ಯೋಜಿಸಿತು. ಅಗಲವಾದ ರಸ್ತೆ, ಎರಡು ಕಟ್ಟಡಗಳ ನಡುವೆ ಜಾಗ, ಹೆಚ್ಚು ಎತ್ತರ ಕಟ್ಟಬಾರದೆಂಬ ನಿಯಮ. ಫೈವ್ ಗಾರ್ಡನ್ಸ್ ಕಡೆ ಸಂಜೆ ನಡೆದಾಡುವಾಗ ಈಗಲೂ ಸಿಗುವ ಗಾಳಿ, ನೆರಳು ಆ ಯೋಜನೆಯದೇ ಫಲ. ಮೂರು ಅಂತಸ್ತಿನ ಕಟ್ಟಡಗಳಲ್ಲಿ ಲಿಫ್ಟಿಗೆಂದು ಯಾರೂ ಜಾಗ ಬಿಡಲಿಲ್ಲ. ನಮ್ಮ ವಾಚ್‌ಮನ್‌ಗೆ ಅರವತ್ತು ದಾಟಿದೆ. ನೀವು ಬೇಡವೆಂದರೂ ಓಡಿ ಬಂದು ಸೂಟ್‌ಕೇಸಿನ ಒಂದು ತುದಿ ಹಿಡಿಯುತ್ತಾರೆ. ಅವರ ಮಂಡಿಯನ್ನು ನೆನೆದು ಪ್ಯಾಕ್ ಮಾಡಿ.

ರೈಲಿನವರು ಸ್ಲೀಪರಿನಲ್ಲಿ ತಲೆಗೆ 40 ಕಿಲೋ ಉಚಿತವಾಗಿ ಒಯ್ಯಲು ಬಿಡುತ್ತಾರೆ, ನಿಜ. ಆದರೆ ಪ್ರಯಾಣ ಅಲ್ಲಿಗೇ ಮುಗಿಯುವುದಿಲ್ಲವಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದು ಕುರ್ಲಾಕ್ಕೆ ಹೋಗಿ ಲೋಕಲ್ ಹಿಡಿಯಬೇಕು. ಸಾಯನ್, ಅದರ ಮುಂದೆ ಮಾಟುಂಗ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದರೆ ದಾದರ್‌ನಲ್ಲಿ ಇಳಿದು ಒಂದು ಸ್ಟೇಷನ್ ಹಿಂದಕ್ಕೆ. ಲೋಕಲ್ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ಮೂರು ಗಂಟುಗಳನ್ನು ಕಾಲ ಬಳಿ ಇಟ್ಟುಕೊಂಡವರು ಒಂದನ್ನು ಇಳಿಸುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಬಾಗಿಲಲ್ಲಿ ನಿಂತು ಆಫೀಸಿಗೆ ಹೋಗುವವರಿಗೂ ಆ ಅರ್ಧ ನಿಮಿಷವೇ ಗತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಇನ್ನೂ ಒಂದು ಮಾತು ಕೇಳಬೇಕು. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ತಗ್ಗಿನ ಜಾಗ. ಜೋರು ಮಳೆಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ, ಗಾಲಿಯ ಪೆಟ್ಟಿಗೆ ಆ ನೀರಿನಲ್ಲಿ ಉರುಳುವುದಿಲ್ಲ. ದಪ್ಪ ಬಟ್ಟೆ ಒಗೆದರೆ ಎರಡು ದಿನವಾದರೂ ಒಣಗದು. ತೆಳು ಹತ್ತಿಯ ಮೂರು ಜೊತೆ, ಒಂದು ಬೈರಾಸು, ಒಂದು ಕೊಡೆ, ಸ್ಯಾಂಡಲು ಸಾಕು. ಇಸ್ತ್ರಿಯವನು ಬೀದಿಯಲ್ಲೇ ಇದ್ದಾನೆ. ಹೊದಿಕೆ, ದಿಂಬು, ಬಕೆಟ್ಟು, ಸೋಪು ನಮ್ಮಲ್ಲಿವೆ.

ಈಗ ಊಟದ ವಿಷಯ. ನಿಮ್ಮ ಗಂಟುಗಳಲ್ಲಿ ಅತಿ ಭಾರವಾದದ್ದು ಇದೇ. ಕುಚ್ಚಲಕ್ಕಿ, ಹಪ್ಪಳ, ಮಿಡಿ ಉಪ್ಪಿನಕಾಯಿ, ಕಾಫಿಪುಡಿ, ಸಾರಿನ ಪುಡಿ. ಪರವೂರಿನಲ್ಲಿ ಬಾಯಿಗೆ ಹಿಡಿಸುವುದು ಸಿಕ್ಕದೆ ಹೋದರೆ ಎಂಬ ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಮಾಟುಂಗದ ಮಟ್ಟಿಗೆ ಆ ಆತಂಕವನ್ನು ನಮ್ಮವರು ಎಂಬತ್ತು ತೊಂಬತ್ತು ವರ್ಷಗಳ ಹಿಂದೆಯೇ ನೀಗಿಸಿಟ್ಟಿದ್ದಾರೆ. ಎ. ರಾಮ ನಾಯಕರು 1936ರಲ್ಲಿ ಕೆಫೆ ಮೈಸೂರು ತೆರೆದರು. 1942ರಲ್ಲಿ ಸ್ಟೇಷನ್ನಿನ ಪಕ್ಕದಲ್ಲಿ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದರು, ಅಲ್ಲಿ ಇಂದಿಗೂ ಬಾಳೆಲೆಯ ಮೇಲೆ ಊಟ ಬಡಿಸುತ್ತಾರೆ. ಮನೆ ಬಿಟ್ಟು ಬಂದ ಗುಮಾಸ್ತರಿಗೆ, ಓದುವ ಹುಡುಗರಿಗೆ ಅನ್ನ ಸಾರು ಹಾಕಿದ್ದು ಇಂಥ ಬೋರ್ಡಿಂಗುಗಳೇ. ಕನ್ನಡಿಗರ ಸಂಘವಾದ ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದಿನದು. ಆ ಕಾಲದಲ್ಲಿ ಬಂದವರು ಟ್ರಂಕು ಹೊತ್ತು ಬಂದರು, ಏಕೆಂದರೆ ಅವರನ್ನು ಎದುರುಗೊಳ್ಳಲು ಯಾರೂ ಇರಲಿಲ್ಲ. ಅಂಗಡಿ, ಅಡುಗೆಮನೆ, ಸಂಘ, ಗುಡಿ ಎಲ್ಲವನ್ನೂ ಕಟ್ಟಿದ್ದೇ ಮುಂದೆ ಬರುವವರ ಕೈ ಬರಿದಾಗಿದ್ದರೂ ನಡೆಯಲಿ ಎಂದು. ನೀವು ಮತ್ತೆ ಅಕ್ಕಿ ಹೊತ್ತು ತಂದರೆ ಅವರ ಶ್ರಮವನ್ನು ಬಳಸಿಕೊಳ್ಳದೆ ಬಿಟ್ಟಂತೆ. ಇಲ್ಲಿನ ಮಾರ್ಕೆಟ್ಟಿನಲ್ಲಿ ಬಾಳೆಲೆ, ಮಲ್ಲಿಗೆ, ನುಗ್ಗೆ, ಕರಿಬೇವು, ಕಣ್ಣೆದುರೇ ಬೀಸಿಕೊಡುವ ಕಾಫಿಪುಡಿ ಎಲ್ಲ ಸಿಗುತ್ತದೆ. ನಮ್ಮ ಮನೆಯ ತಿಂಡಿಯೂ ನೀರುದೋಸೆ, ಇಡ್ಲಿ, ಉಪ್ಪಿಟ್ಟೇ.

ಇಷ್ಟೆಲ್ಲ ಬಿಟ್ಟು ಬನ್ನಿ ಎಂದ ಮೇಲೆ, ತರಲೇಬೇಕಾದದ್ದನ್ನೂ ಹೇಳಬೇಕು. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬರುವವರಿಗೆ ಈ ಮಾತು. ಮಾಟುಂಗದಿಂದ ಸ್ಲೋ ಲೋಕಲಿನಲ್ಲಿ ದಾದರ್ ಕಳೆದರೆ ಪರೇಲ್, ಅದಕ್ಕೇ ಬಹಳ ಮಂದಿ ಈ ಕಡೆ ಉಳಿಯುತ್ತಾರೆ. ಹತ್ತು ಸೀರೆಗಳ ಕೆಳಗೆ ಸಿಕ್ಕಿಕೊಂಡ ಫೈಲಿಗಾಗಿ ಬೆಳಗಿನ ಜಾವ ಇಡೀ ಪೆಟ್ಟಿಗೆಯನ್ನು ನೆಲಕ್ಕೆ ಸುರಿದು ಹುಡುಕುವ ಮನೆಯವರನ್ನು ಕಂಡಿದ್ದೇನೆ. ಬಯಾಪ್ಸಿಯ ಸ್ಲೈಡುಗಳು, ಬ್ಲಾಕುಗಳು, ಸ್ಕ್ಯಾನಿನ ಸೀಡಿ, ಹಳೆಯ ಚೀಟಿಗಳು, ಆಧಾರ್, ಈಗ ನಡೆಯುತ್ತಿರುವ ಮಾತ್ರೆಗಳು, ಇವಿಷ್ಟೂ ಒಂದೇ ಕೈಚೀಲದಲ್ಲಿರಲಿ. ಆ ಚೀಲ ರೈಲಿನಲ್ಲಿ ಸೀಟಿನಡಿಗೆ ಹೋಗದಿರಲಿ, ನಿಮ್ಮ ಮಡಿಲಲ್ಲೇ ಇರಲಿ. ರೋಗಿಯನ್ನು ಹಿಡಿದುಕೊಳ್ಳಲು ಜೊತೆಯವರ ಒಂದು ಕೈ ಖಾಲಿ ಇರಬೇಕು. ಸಾಮಾನು ಕಡಿಮೆ ಮಾಡಿ ಎಂದು ನಾನು ಇಷ್ಟು ಒತ್ತಾಯಿಸುವುದು ಮುಖ್ಯವಾಗಿ ಆ ಕೈಗಾಗಿ.

ಹೊರಡುವ ಮುನ್ನ ಒಂದು ಫೋನ್ ಮಾಡಿ. ಮೆಟ್ಟಿಲು ಹತ್ತಲಾಗದವರು ಜೊತೆಗಿದ್ದರೆ ಮೊದಲೇ ತಿಳಿಸಿ, ನೆಲಮಹಡಿಯ ನೆರೆಯವರಲ್ಲಿ ಕೇಳಿ ಏರ್ಪಾಡು ಮಾಡುತ್ತೇನೆ. ಖಾರ ಬೇಡ, ಸಕ್ಕರೆ ಬೇಡ, ಗಂಜಿಯೇ ಬೇಕು ಎಂಬುದಿದ್ದರೆ ಅದನ್ನೂ ಹೇಳಿ. ರೈಲು ಎಷ್ಟು ಹೊತ್ತಿಗೆ ಬಂದರೂ ಬಾಗಿಲು ತೆರೆಯುತ್ತೇನೆ.

ಇಂತು,
ಮಾಟುಂಗದ ಮನೆಯೊಡತಿ