ಬನ್ನಿ ಬಂಗಾರದ ಲೆಕ್ಕ

ಚಿಕ್ಕೋಡಿಯ ನಮ್ಮ ಓಣಿಯ ಕೈತೋಟದ ಗೆಳತಿಯರೆಲ್ಲ ಸೇರಿ ಈ ದಸರೆಗೆ ಬನ್ನಿ ಎಲೆ ಬಿಟ್ಟು ಸಸಿಯನ್ನೇ ಹಂಚುವುದೆಂದು ಠರಾವು ಮಾಡಿದೆವು. "ಬನ್ನಿ ತಗೊಂಡು ಬಂಗಾರದಂಗ ಇರೂಣ" ಅಂತ ಪ್ರತಿ ವರ್ಷ ಗಿಡ ಬೋಳಿಸುವವರು ನಾವೇ. ನೆಟ್ಟವರು ಯಾರೂ ಇಲ್ಲ. ನಿಪ್ಪಾಣಿ ಕಡೆ ಮರಾಠಿಯಲ್ಲಿ "ಸೋನಂ ಘ್ಯಾ" (ಬಂಗಾರ ತಗೊಳ್ಳಿ) ಎಂದು ಆಪಟಾ ಎಲೆ ಕೊಡುವವರೂ ಉಂಟು. ಭಾಷೆಯ ಜೊತೆ ಗಿಡವೂ ಬದಲು!

ಸಸಿ ನೆಡಲು ಗುಂಡಿ ತೋಡುವ ಶ್ರಮದಾನಕ್ಕೆ 12 ಜನ ಬಂದೆವು, ಗುದ್ದಲಿ ಒಂದೇ. ಉಳಿದ 11 ಮಂದಿ ಸಲಹೆ ದಾನ ಮಾಡಿದೆವು. ಅಥಣಿಯಿಂದ ಬಂದಿದ್ದ ಅತ್ತೆ ಮುಳ್ಳಿನ ಸಸಿ ಹಿಡಿದು, "ಯವ್ವಾ, ಬಂಗಾರ ಚುಚ್ಚತೈತಲ್ಲ!" ಅಂದರು.

ಆ ರಾತ್ರಿಯೇ ಪಕ್ಕದ ಮನೆಯ ಆಡು ಬೇಲಿ ಹಾರಿ ಸೀಮೋಲ್ಲಂಘನ ಮಾಡಿ, ನಾಲ್ಕು ತೊಲೆ ಬಂಗಾರ ಮೇಯ್ದು ಹೋಗಿತ್ತು.