ಮೊಬೈಲ್ ಶೃಂಗಾರವಂಚನಾ ಮೀಮಾಂಸೆ: ಚಿಕ್ಕಪಡಸಲಗಿ ಪಾಠ

ಯಾವ ಶಾಸ್ತ್ರಕ್ಕೂ ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧ ಎಂಬ ನಾಲ್ಕು ಅನುಬಂಧಗಳು ಬೇಕು. ಇಲ್ಲಿ ವಿಷಯ, ಮೊಬೈಲಿನೊಳಗಿನ ಶೃಂಗಾರ. ಅಧಿಕಾರಿ, ಕಬ್ಬಿನ ಬಿಲ್ಲು ಜಮಾ ಆಗಿಯೂ ಕನ್ಯೆ ಸಿಗದ ಜಮಖಂಡಿ ಸೀಮೆಯ ರೈತ. ಅಥವಾ ಸೀರೆ ವ್ಯಾಪಾರದಲ್ಲಿ ನಾಲ್ಕು ಕಾಸು ಕೂಡಿಟ್ಟ ರಬಕವಿ-ಬನಹಟ್ಟಿಯ ಒಂಟಿ ಹೆಣ್ಣುಮಗಳು. ಪ್ರಯೋಜನ, ದುಡ್ಡು ಇದ್ದಲ್ಲೇ ಇರುವುದು. ಸಂಬಂಧ ಮಾತ್ರ ಕುದುರಿದಂತೆ ಕಾಣುತ್ತದೆ, ಕುದುರುವುದಿಲ್ಲ.

ಪೂರ್ವಸೂರಿಗಳು ನಮ್ಮನ್ನು ಬರಿಗೈಲಿ ಕಳಿಸಿಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ‘ಕಲಾವಿಲಾಸ’ದಲ್ಲಿ ಮೂಲದೇವನೆಂಬ ಧೂರ್ತಗುರುವಿನಿಂದ ಮೋಸದ ಕಲೆಗಳ ಪಾಠ ಹೇಳಿಸಿದ್ದಾನೆ. ಪಾಪ, ಮೂಲದೇವನಿಗೆ ದಿಲ್ಲಿ ವಿಮಾನ ನಿಲ್ದಾಣದ ಕಸ್ಟಮ್ಸ್ ಗೊತ್ತಿರಲಿಲ್ಲ.

ಆಲಂಕಾರಿಕರು ಕಾಮಕ್ಕೆ ಹತ್ತು ಅವಸ್ಥೆ ಹೇಳಿ, ಹತ್ತನ್ನೂ ಪ್ರೇಮಿಯ ತಲೆಗೇ ಕಟ್ಟಿದರು. ಮೊಬೈಲಿನಲ್ಲಿ ಅವು ಹಂಚಿಕೆಯಾಗಿವೆ. ಅಭಿಲಾಷೆ ನಮ್ಮದು. ಗುಣಕಥನ ಪೂರ್ತಿ ವಂಚಕನದೇ: ಲಂಡನ್ನಿನಲ್ಲಿ ಡಾಕ್ಟರು, ಇಲ್ಲವೇ ನಡುಸಮುದ್ರದ ತೈಲಬಾವಿಯಲ್ಲಿ ಎಂಜಿನಿಯರು, ಹೆಂಡತಿ ತೀರಿಕೊಂಡಿದ್ದಾಳೆ, ಒಬ್ಬಳೇ ಮಗಳು, ನಿಮ್ಮ ಫೋಟೊ ನೋಡಿ ಆಗಲೇ ‘ಅಮ್ಮ’ ಅಂದಿದ್ದಾಳೆ. ಉದ್ವೇಗ ಹುಟ್ಟುವುದು ಪಾರ್ಸೆಲ್ಲಿನಿಂದ. ಬಂಗಾರ, ಪೌಂಡು ತುಂಬಿದ ಉಡುಗೊರೆ ದಿಲ್ಲಿಯಲ್ಲಿ ಸಿಕ್ಕಿಬಿದ್ದಿದೆ, ಸುಂಕ ಕಟ್ಟಿ ಎಂದು ಹೆಣ್ಣುದನಿಯೊಂದು ಗದರಿಸುತ್ತದೆ. (ನಿಜವಾದ ಕಸ್ಟಮ್ಸ್ ಇಲಾಖೆ ಯಾರದೋ ಖಾಸಗಿ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ಅವಸರದ ಓದುಗರು ಇಲ್ಲಿಗೇ ನಿಲ್ಲಿಸಬಹುದು.) ವ್ಯಾಧಿ ಅವನ ತಾಯಿಗೆ, ಆಸ್ಪತ್ರೆಯ ಬಿಲ್ಲು ನಮಗೆ. ಬ್ಯಾಂಕಿನ ಎಸ್ಸೆಮ್ಮೆಸ್ ನೋಡಿದ ಮೇಲೆ ಜಡತೆ. ಮರಣ ಉಳಿತಾಯ ಖಾತೆಗೆ. ಹೂಡಿಕೆ ಆ್ಯಪಿನದೊಂದು ಪಾಠಾಂತರವುಂಟು: ಸಣ್ಣ ಮೊತ್ತವನ್ನು ಲಾಭ ಸಮೇತ ಹಿಂದಿರುಗಿಸಿ ದೊಡ್ಡದನ್ನು ನುಂಗುವುದು.

ಪೂರ್ವಪಕ್ಷ: ಓದಿದವರು ಮೋಸಹೋಗುವುದಿಲ್ಲ. ಖಂಡನೆ: ಹೋದದ್ದನ್ನು ಓದಿದವರು ಹೇಳುವುದಿಲ್ಲ.

ಸಿದ್ಧಾಂತ ಜಮಖಂಡಿ ಸೀಮೆಯ ಚಿಕ್ಕಪಡಸಲಗಿ ಊರಿನದು. ಸರ್ಕಾರದ ದುಡ್ಡಿಗೆ ಕಾಯದೆ ಈ ಭಾಗದ ರೈತರು ತಾವೇ ವಂತಿಗೆ ಹಾಕಿ, ಮೈಬಗ್ಗಿಸಿ ದುಡಿದು 1989ರಲ್ಲಿ ಇಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಮುಂದೆ ನಿಂತ ಸಿದ್ದು ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅಂದರೆ ನಂಬಿ ಕಿಸೆ ಬಿಚ್ಚುವುದು ಈ ಸೀಮೆಗೆ ಹೊಸದೇನಲ್ಲ. ಆದರೆ ಆಗ ಕೇಳಿದವರು ಕಣ್ಣೆದುರಿಗಿದ್ದರು, ಕೊಟ್ಟದ್ದು ಊರಿಗೆಲ್ಲ ಗೊತ್ತಿತ್ತು, ದುಡ್ಡು ಹೊಳೆಯೊಳಗೆ ಗೋಡೆಯಾಗಿ ಏಳುತ್ತಿತ್ತು. ಫೋನಿನ ಪ್ರಿಯತಮನೋ ಮುಖ ತೋರಿಸಲಾರ. ಮೇಲೆ ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸುತ್ತಾನೆ. ವಂಚಕನ ಅಸಾಧಾರಣ ಲಕ್ಷಣ ಈ ಆಣೆಯೇ. ಉಳಿದ ಲಕ್ಷಣಗಳು ನಿಜವಾದ ಪ್ರೇಮಿಗಳಲ್ಲೂ ಕಾಣುತ್ತವೆ.

ಪರೀಕ್ಷಾವಿಧಿ: ಫೋನಿನ ಸ್ಪೀಕರ್ ಹಾಕಿ ಗುಡಿಕಟ್ಟೆಯ ಅಜ್ಜನ ಮುಂದೆ ಇಡತಕ್ಕದ್ದು.

“ಯಾವೂರಾತ್ರೀ ನಿಮ್ದು?”

“ಲಂಡನ್.”

“ಅದಲ್ಲೋ ತಮ್ಮಾ, ಮೂಲ ಊರು? ಅಡ್ಡಹೆಸರೇನು? ಯಾರ ಪೈಕಿ? ಹೊಲ ನೀರಾವರಿನೋ ಖುಷ್ಕಿನೋ? ಸ್ವಾದರಮಾವ ಯಾರು?”

ಅಡ್ಡಹೆಸರಿನ ಹೊತ್ತಿಗೆ ಲಂಡನ್ನಿನ ನೆಟ್‌ವರ್ಕ್ ಕಡಿಯುತ್ತದೆ. ಈ ವಿಚಾರಣೆಯನ್ನು ಪೇಟೆಯ ಹುಡುಗರು ಅಧಿಕಪ್ರಸಂಗ ಎನ್ನುತ್ತಾರೆ. ಬೀಗತನ ಬೆಳೆಸುವ ಮುಂಚೆ ಬೀಳಗಿಯಿಂದ ಮುಧೋಳದವರೆಗೆ ನಾಲ್ಕು ಮನೆ ವಿಚಾರಿಸುವವರು, ಕಾಣದವನಿಗೆ ಲಕ್ಷ ಕಳಿಸುವಾಗ ಪಕ್ಕದ ಮನೆಯಲ್ಲೂ ಕೇಳುವುದಿಲ್ಲವೆಂಬುದು ಗ್ರಂಥಕರ್ತನಿಗೆ ಇನ್ನೂ ಬಿಡಿಸಲಾಗದ ಒಗಟು.

ಪ್ರಾಯಶ್ಚಿತ್ತ: ದುಡ್ಡು ಹೋಗಿದ್ದರೆ ಪಂಚಾಂಗ ನೋಡದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡತಕ್ಕದ್ದು. ಬೇಗ ತಿಳಿಸಿದಷ್ಟೂ ಹಣವನ್ನು ಮುಂದಿನ ಖಾತೆಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಪ್ರಕಾರ ಇಂಥ ವೇಷಧಾರಿಗೆ 3 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ನಾಚಿಕೊಂಡು ಪ್ರೇಮಸಂದೇಶಗಳನ್ನು ಅಳಿಸಬೇಡಿ. ಠಾಣೆಯಲ್ಲಿ ಅವೇ ಸಾಕ್ಷಿ.