ನೇತ್ರಾಣಿಯ ಹವಳಗಳಿಗೆ ಗ್ರಾಹಕನೊಬ್ಬನ ಬಹಿರಂಗ ಪತ್ರ

ಅರಬ್ಬಿ ಸಮುದ್ರದ ನೇತ್ರಾಣಿ ದ್ವೀಪದಲ್ಲಿ ಠಿಕಾಣಿ ಹೂಡಿರುವ ಹವಳಗಳೇ,

ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ನೇರ ದೂರಿಗೇ ಬರುತ್ತೇನೆ.

ದುಡ್ಡು ಕೊಟ್ಟು ಸ್ನಾರ್ಕೆಲಿಂಗ್‌ಗೆ ಬಂದವನು ನಾನು. ಮುರ್ಡೇಶ್ವರದಿಂದ ನಿಮ್ಮಲ್ಲಿಗೆ ಸುಮಾರು 19 ಕಿಲೋಮೀಟರ್. ದಡದ 123 ಅಡಿಯ ಶಿವ ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ನನ್ನ ಹೊಟ್ಟೆ ತೊಳಸತೊಡಗಿತ್ತು. ಮೀನುಗಳಿಗೆಂದೇ ಬೆಂಗಳೂರಿನಿಂದ ಬಿಸ್ಕತ್ತು ತಂದಿದ್ದೆ. ಹಾಕಬಾರದೆಂದು ಗೈಡ್ ಹುಡುಗ ಕಿತ್ತಿಟ್ಟ. ಆದರೆ ನನ್ನ ಬೆಳಗಿನ ಇಡ್ಲಿ ಬೋಟಿನ ಅಂಚಿನಿಂದ ನೀರಿಗೆ ಬಿದ್ದದ್ದೇ ತಡ, ಮೀನಿನ ಬಳಗವೆಲ್ಲ ಪಂಕ್ತಿಗೆ ಬಂದುಬಿಟ್ಟಿತು!

ಇನ್ನು ಮಾಸ್ಕ್. ಗಾಜು ಮಂಜಾಗದಿರಲು ಒಳಗೆ ಉಗುಳಿ, ಉಜ್ಜಿ ತೊಳೆಯಬೇಕಂತೆ. ಎಂಜಲು-ಮುಸುರೆ ನೋಡುವ ಮನೆಯವನು ನಾನು. ಆದರೂ ನಿಮಗೋಸ್ಕರ ಉಗುಳಿದೆ.

ಇಷ್ಟು ಮಾಡಿದವನಿಗೆ ನೀವು ಒಂದು ಫೋಟೊಗಾದರೂ ಸಹಕರಿಸಬೇಡವೇ? ಬಂಡೆಯೆಂದು ಹತ್ತಿ ನಿಂತರೆ ಅಂಗಾಲು ಸೀಳಿದಿರಿ. “ಅದು ಕಲ್ಲಲ್ಲ ಸಾರ್, ಜೀವ ಇದೆ, ಇಳೀರಿ!” ಎಂದು ಆ ಹುಡುಗ ಎಲ್ಲರೆದುರು ಕೂಗಿದ. ಅಲ್ಲ, ನೌಕಾಪಡೆಯವರು ನಿಮ್ಮ ದ್ವೀಪವನ್ನೇ ಗುರಿಯಿಟ್ಟು ಗುಂಡು ಹಾರಿಸಿ ಅಭ್ಯಾಸ ಮಾಡಿದ್ದಾರಲ್ಲ? ಅದನ್ನೆಲ್ಲ ತಾಳಿಕೊಂಡವರಿಗೆ ನನ್ನ ಎಂಬತ್ತೆರಡು ಕಿಲೋ ಭಾರವಾಯಿತೇ?

ವಾಪಸ್ ಬರುವಾಗ ದಾರಿಯುದ್ದಕ್ಕೂ ಅವನ ಪಾಠ. ನೀವು ಚಿಕ್ಕಚಿಕ್ಕ ಪ್ರಾಣಿಗಳಂತೆ, ಒಟ್ಟಿಗೆ ಸೇರಿ ಸುಣ್ಣದ ಮನೆ ಕಟ್ಟಿಕೊಂಡಿದ್ದೀರಂತೆ. ಮೈಯೊಳಗೆ ಬಾಡಿಗೆಗಿರುವ ಪಾಚಿಯೇ ನಿಮಗೆ ಊಟ, ಬಣ್ಣ ಎರಡನ್ನೂ ಒದಗಿಸುತ್ತದಂತೆ. ನೀರು ಹದ ಮೀರಿ ಬಿಸಿಯಾದರೆ ಆ ಪಾಚಿಯನ್ನು ಹೊರಗಟ್ಟಿ, ಬಿಳಿಚಿಕೊಂಡು, ಉಪವಾಸ ಬೀಳುತ್ತೀರಂತೆ. ಬಾಡಿಗೆದಾರನನ್ನು ಓಡಿಸಿ ತಾನೇ ಸೊರಗುವ ಮನೆ ಮಾಲೀಕನನ್ನು ನಮ್ಮ ಬೆಂಗಳೂರಿನಲ್ಲಿ ನಾನಂತೂ ಕಂಡಿಲ್ಲ.

ಈಗ ಮುಖ್ಯ ದೂರು. ಕಾಲಡಿಯಲ್ಲಿ ಮುರಿದ ನಿಮ್ಮದೊಂದು ಚಕ್ಕೆಯನ್ನು ಷೋಕೇಸಿಗೆಂದು ಟವೆಲಿನಲ್ಲಿ ಸುತ್ತಿ ತಂದಿದ್ದೆ. ನೀರಿನಲ್ಲಿ ಕಂದು-ಹಸಿರಾಗಿ ಹೊಳೆಯುತ್ತಿದ್ದದ್ದು ಮೂರನೇ ದಿನ ನಾರತೊಡಗಿತು. ವಾಸನೆ ಹೋಗುವಷ್ಟರಲ್ಲಿ ಬಣ್ಣವೂ ಹೋಗಿ ಬರೀ ಸುಣ್ಣ ಉಳಿಯಿತು. ಇದು ಗ್ರಾಹಕನಿಗೆ ಮಾಡಿದ ಮೋಸ. ಬೇರೆ ಚಕ್ಕೆ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ. ದುಂಡು ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಎಂಬ ಸಬೂಬು ಬೇಡ. ನಮ್ಮೂರಿನ ಮೇಲ್ಸೇತುವೆಗಳೇ ಅದಕ್ಕಿಂತ ಬೇಗ ಬೆಳೆಯುತ್ತವೆ.

ಈ ಪತ್ರವನ್ನು ವಕೀಲರಾದ ನಮ್ಮ ಭಾವನಿಗೆ ತೋರಿಸಿದೆ. ಓದಿ ಕನ್ನಡಕ ತೆಗೆದಿಟ್ಟರು. “ದಿಬ್ಬ ಕಟ್ಟುವ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ ಕಣಯ್ಯಾ, ಹುಲಿಯ ಜೊತೆಗೇ. ಹುಲಿಯುಗುರು ಕೊರಳಿಗೆ ಹಾಕಿಕೊಂಡವರ ಗತಿ ಟೀವಿಯಲ್ಲಿ ನೋಡಲಿಲ್ಲವೇ? ನೀನು ಬರೆದಿರುವುದು ದೂರಲ್ಲ, ತಪ್ಪೊಪ್ಪಿಗೆ” ಎಂದರು.

ಆದ್ದರಿಂದ ಪತ್ರ ಬಹಿರಂಗವಾಗಿಯೇ ಇರಲಿ, ಹೆಸರು ಮಾತ್ರ ಬೇಡ.

ಇತಿ,
ಒಬ್ಬ ಪ್ರಕೃತಿಪ್ರೇಮಿ